ಟೀಚರೇ, ಹಿಮದಲ್ಲೂ ಜಾತ್ರೆ ಉಂಟಾ?

ಹೋದ ಸಂಚಿಕೆಯಲ್ಲಿ ಮಗಳ ಮನೆಯ ಚಳಿಗಾಲದ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಪ್ಪಾಯಿತೋ ಏನೋ. ಅಂಚೆಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಪ್ರಶ್ನೆಗಳ ಮಳೆ. ಕಾಪುವಿನಿಂದ ಬೈಂದೂರಿನವರೆಗೆ ಯಾವ ಮನೆ ನೋಡಿದರೂ ಒಬ್ಬ ಮಗನೋ ಸೊಸೆಯೋ ಅಮೆರಿಕದಲ್ಲಿ, ಇಲ್ಲವೇ ಕೆನಡಾದಲ್ಲಿ. ಅಪ್ಪ ಅಮ್ಮಂದಿರು ಆರು ತಿಂಗಳಿಗೆಂದು ಹೋಗುತ್ತಾರೆ. ಹೋದ ಮೇಲೆ ಕಿಟಕಿ ಪಕ್ಕ ಕೂರುತ್ತಾರೆ.

ಹೊಸ ಓದುಗರಿಗೆ ನನ್ನ ಪರಿಚಯ: ಉಡುಪಿಯ ಒಂದು ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ಪಾಠ ಮಾಡಿದವಳು. ಭೂಗೋಳ ನನ್ನ ಹುಚ್ಚು. ಮಗಳು ಕೆನಡಾದ ಒಟ್ಟಾವದಲ್ಲಿ, ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ. ಐದು ಸಲ ಹೋಗಿ ಬಂದಿದ್ದೇನೆ. ಈ ಸಲ ಅಲ್ಲಿನ ಬಯಲಿನ ಹಬ್ಬಗಳ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇನೆ.

ಮಗ ಫೆಬ್ರವರಿಯಲ್ಲಿ ಕೆನಡಾಕ್ಕೆ ಬನ್ನಿ ಅನ್ನುತ್ತಿದ್ದಾನೆ. ಎರಡು ತಿಂಗಳು ಹೀಟರ್ ಮುಂದೆ ಕೂತು ಧಾರಾವಾಹಿ ನೋಡುವುದಾದರೆ ಇಲ್ಲೇ ನೋಡಬಹುದಲ್ಲ? ಹಿಮದಲ್ಲಿ ಜಾತ್ರೆಗೀತ್ರೆ ಏನಾದರೂ ಉಂಟಾ ಟೀಚರೇ?
— ಓದುಗರು, ಬ್ರಹ್ಮಾವರ

ಉಂಟು ಮಾರಾಯ್ರೆ. ನಾನೂ ನಿಮ್ಮ ಹಾಗೇ ಎಣಿಸಿದ್ದೆ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮುಗಿಯಿತು. ಯಕ್ಷಗಾನದ ಆಟ ಇಲ್ಲ, ಭೂತಕೋಲ ಇಲ್ಲ. ಮಳೆ ನಿಲ್ಲುವವರೆಗೆ ಮನೆಯೊಳಗೆ ಹಪ್ಪಳ ಸುಟ್ಟುಕೊಂಡು ಕೂರಬೇಕು. ಅಲ್ಲಿ ಹಿಮ ಬಿದ್ದರೆ ಹಾಗೇ ಇರಬಹುದು ಅಂತ ನನ್ನ ಲೆಕ್ಕ. ಆದರೆ ಆ ಜನ ಹಿಮ ಬಿದ್ದ ಮೇಲೇ ಗೆಜ್ಜೆ ಕಟ್ಟುತ್ತಾರೆ.

ಒಟ್ಟಾವದಲ್ಲಿ 1979ರಿಂದ ವಿಂಟರ್‌ಲೂಡ್ ಎಂಬ ಹಬ್ಬ ನಡೆಯುತ್ತದೆ. ಊರ ನಡುವೆ ರಿಡೋ ಕಾಲುವೆ ಇದೆ. ಬೇಸಿಗೆಯಲ್ಲಿ ಅದರಲ್ಲಿ ದೋಣಿ ಹೋಗುತ್ತದೆ. ಚಳಿಗಾಲದಲ್ಲಿ ಅದೇ ಕಾಲುವೆ ಹೆಪ್ಪುಗಟ್ಟಿ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ದಾರಿಯಾಗುತ್ತದೆ. ಮಂಜುಗಡ್ಡೆ ಸುಮಾರು 30 ಸೆಂಟಿಮೀಟರ್ ದಪ್ಪ ಆಗಬೇಕು. ಅಲ್ಲಲ್ಲಿ ತೂತು ಕೊರೆದು ಅಳೆದು ನೋಡಿದ ಮೇಲೆಯೇ ಜನರನ್ನು ಬಿಡುವುದು. 2018ರಲ್ಲಿ ನಾನು ಮೊದಲ ಸಲ ಅದರ ಮೇಲೆ ಕಾಲಿಟ್ಟೆ. ಸ್ಕೇಟ್ ಇಲ್ಲ, ಬರೀ ಬೂಟು. ಕಾಲಡಿಯಲ್ಲಿ ಕಪ್ಪು ಗಾಜಿನ ಹಾಗೆ ಮಂಜುಗಡ್ಡೆ. ಒಳಗೆ ಬಿಳಿ ಗುಳ್ಳೆಗಳು, ನಾಣ್ಯ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಒಮ್ಮೆ ದೂರದಿಂದ 'ಠುಂಯ್' ಅಂತ ಸದ್ದು ಬಂತು. ನಾನು ಮಗಳ ಕೋಟು ಗಟ್ಟಿಯಾಗಿ ಹಿಡಿದುಕೊಂಡೆ. ಚಳಿ ಏರಿಳಿದಾಗ ಮಂಜುಗಡ್ಡೆ ಹಿಗ್ಗಿ ಕುಗ್ಗುವ ಸದ್ದಂತೆ ಅದು. ಅಷ್ಟರಲ್ಲಿ ಟೈ ಕಟ್ಟಿದ ಒಬ್ಬ ಮಹಾರಾಯ ಬೆನ್ನಿಗೆ ಬ್ಯಾಗ್ ಹಾಕಿ ಸುಂಯ್ ಎಂದು ನಮ್ಮನ್ನು ದಾಟಿ ಹೋದ. ಆಫೀಸಿಗೆ! ಬಸ್ಸಿಗೆ ಕಾಯುವ ಗೋಜೇ ಇಲ್ಲ.

ಆ ಮಂಜಿನ ಮೇಲೆಯೇ ತಿಂಡಿ ಅಂಗಡಿಗಳು. ಬೀವರ್‌ಟೇಲ್ ಅಂತ ಒಂದು ಮಾರುತ್ತಾರೆ. ನಮ್ಮ ಬನ್ಸ್ ಹಿಟ್ಟಿಗೆ ಬಾಳೆಹಣ್ಣು ಹಾಕದೆ, ಉದ್ದಕ್ಕೆ ಎಳೆದು, ಕರಿದು, ಮೇಲೆ ಸಕ್ಕರೆ ಮತ್ತು ದಾಲ್ಚಿನ್ನಿ ಪುಡಿ ಉದುರಿಸಿದ ಹಾಗೆ. ಬೀವರ್ ಎಂಬ ಪ್ರಾಣಿಯ ಬಾಲದ ಆಕಾರ ಅಂತ ಆ ಹೆಸರು. ನಮ್ಮ ಯಜಮಾನರಿಗೆ ಹೆಸರು ಕೇಳಿಯೇ ಸಂಶಯ. ಹಿಟ್ಟು, ಸಕ್ಕರೆ ಅಷ್ಟೇ ಅಂತ ಮೂರು ಸಲ ಹೇಳಿಸಿಕೊಂಡ ಮೇಲೆ ಎರಡು ತಿಂದರು.

ಇನ್ನೊಂದು ರುಚಿ ನಿಮಗೆ ಖಂಡಿತ ಹಿಡಿಸುತ್ತದೆ. ಮೇಪಲ್ ಮರದ ರಸವನ್ನು ಜೋನಿ ಬೆಲ್ಲಕ್ಕಿಂತ ಸ್ವಲ್ಪ ಗಟ್ಟಿ ಹದಕ್ಕೆ ಕುದಿಸಿ, ಶುದ್ಧ ಹಿಮ ತುಂಬಿದ ತೊಟ್ಟಿಯ ಮೇಲೆ ಗೆರೆ ಎಳೆದ ಹಾಗೆ ಸುರಿಯುತ್ತಾರೆ. ಅರ್ಧ ನಿಮಿಷ ಬಿಟ್ಟು ಕಡ್ಡಿಗೆ ಸುತ್ತಿಕೊಂಡು ಬಾಯಿಗಿಡುವುದು. ಮೇಲೆ ತಣ್ಣಗೆ, ಒಳಗೆ ಇನ್ನೂ ಬೆಚ್ಚಗೆ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು. ಆಲೆಮನೆ ಕಂಡವರಿಗೆ ಇದರ ಕಷ್ಟ ವಿವರಿಸಬೇಕಾಗಿಲ್ಲ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ ಇದ್ದರೆ ಮಾತ್ರ ಮರದಲ್ಲಿ ರಸ ಹರಿಯುತ್ತದೆ. ಆದ್ದರಿಂದ ಮೇಪಲ್ ಹಬ್ಬ ಮಾರ್ಚ್, ಏಪ್ರಿಲ್‌ಗೆ.

ಸಮಯ ಇದ್ದರೆ ಕ್ವಿಬೆಕ್ ನಗರದ ಕಾರ್ನಿವಲ್‌ಗೂ ಹೋಗಿ. 1955ರಿಂದ ಈಗಿನ ರೂಪದಲ್ಲಿ ನಡೆಯುತ್ತಿದೆ. ಕೆಂಪು ಟೊಪ್ಪಿ ಹಾಕಿದ ಬೊನೊಮ್ ಎಂಬ ಹಿಮದ ಗೊಂಬೆ ಅದರ ರಾಜ. ನನಗೆ ರಾಜನಿಗಿಂತ ಹಿಡಿಸಿದ್ದು ದೋಣಿ ಓಟ. ಸೇಂಟ್ ಲಾರೆನ್ಸ್ ನದಿಯಲ್ಲಿ ಮಂಜುಗಡ್ಡೆಗಳು ತೇಲುತ್ತಿರುತ್ತವೆ. ನೀರು ಇದ್ದಲ್ಲಿ ಹುಟ್ಟು ಹಾಕುತ್ತಾರೆ. ಗಡ್ಡೆ ಅಡ್ಡ ಬಂದರೆ ಒಂದು ಕಾಲು ಹೊರಗೆ ಹಾಕಿ ದೋಣಿಯನ್ನು ದೂಡಿಕೊಂಡು ಓಡುತ್ತಾರೆ. ಹಿಂದೆ ಚಳಿಗಾಲದಲ್ಲಿ ಆಚೆ ದಡಕ್ಕೆ ಜನ, ಸಾಮಾನು, ಟಪಾಲು ದಾಟಿಸಲು ಇದೇ ದಾರಿ ಇತ್ತು. ಗದ್ದೆ ಕೆಲಸದಿಂದ ಕಂಬಳ ಹುಟ್ಟಿದ ಹಾಗೆಯೇ, ಅಲ್ವಾ?

ಒಂದು ಮಾತು ನೆನಪಿಡಿ. ಕ್ಯಾಲೆಂಡರಿನ ತಾರೀಕನ್ನು ಪೂರ್ತಿ ನಂಬಬೇಡಿ. 2023ರ ಫೆಬ್ರವರಿಯಲ್ಲಿ ಮತ್ತೆ ಹೋದಾಗ ನಾದಿನಿಯನ್ನೂ ಕರೆದುಕೊಂಡು ಹೋಗಿದ್ದೆ. ಕಾಲುವೆಯ ಬಗ್ಗೆ ವಿಮಾನದಲ್ಲಿ ಅವಳ ಕಿವಿ ತಿಂದಿದ್ದೆ. ಆ ವರ್ಷ ಚಳಿ ಸಾಲದೆ ಕಾಲುವೆ ತೆರೆಯಲೇ ಇಲ್ಲ. 1970-71ರಲ್ಲಿ ಸ್ಕೇಟಿಂಗ್ ದಾರಿ ಶುರುವಾದ ಮೇಲೆ ಹಾಗಾದದ್ದು ಅದೇ ಮೊದಲು. ಹಬ್ಬದ ಬೇರೆ ಕಾರ್ಯಕ್ರಮ ಇತ್ತು, ಆದರೆ ನಾದಿನಿ ಕಂಡದ್ದು ಒದ್ದೆ ಮಂಜು ಮತ್ತು ಎಚ್ಚರಿಕೆಯ ಬೋರ್ಡು. ಇವತ್ತಿಗೂ 'ನಿಮ್ಮ ಕಾಲುವೆ' ಅಂತ ತಮಾಷೆ ಮಾಡುತ್ತಾಳೆ.

ಕಾಲಿಗೆ ಹತ್ತಿ ಸಾಕ್ಸ್ ಬೇಡ. ಬೆವರು ಹೀರಿ ಒದ್ದೆಯಾಗಿ ಬೆರಳು ಮರಗಟ್ಟುತ್ತದೆ. ಉಣ್ಣೆಯದ್ದೇ ಹಾಕಿ. ಮೊಬೈಲ್ ಕೋಟಿನ ಒಳಜೇಬಿನಲ್ಲಿರಲಿ. ಹೊರಗೆ ಹಿಡಿದರೆ ಬ್ಯಾಟರಿ ಅರ್ಧ ಇದ್ದರೂ ಚಳಿಗೆ ಸತ್ತು ಹೋಗುತ್ತದೆ.

ಅಲ್ಲಿನ ಹಬ್ಬದಲ್ಲಿ ಸಂತರ್ಪಣೆ ಉಂಟಾ ಅಕ್ಕ?
— ಓದುಗರು, ಕಟಪಾಡಿ

ಊಟದ ಪ್ರಶ್ನೆ ಕಟಪಾಡಿಯಿಂದ ಬಂದದ್ದು ನನಗೇನೂ ಆಶ್ಚರ್ಯ ಅಲ್ಲ. ಸಾಮಾನ್ಯವಾಗಿ ಇಲ್ಲ. ದುಡ್ಡು ಕೊಟ್ಟು ಕೊಂಡು ತಿನ್ನಬೇಕು, ಬೆಲೆ ಕೇಳಿದರೆ ಹಸಿವೆ ಹೋಗುತ್ತದೆ. ಆದರೆ ಕೆನಡಾದ ಕ್ಯಾಲ್ಗರಿಗೆ ಜುಲೈಯಲ್ಲಿ ಹೋದರೆ ನಿಮ್ಮ ಆಸೆ ತೀರಬಹುದು. ಅಲ್ಲಿ ಸ್ಟಾಂಪೀಡ್ ಎಂಬ ಹತ್ತು ದಿನದ ಜಾತ್ರೆ ಇದೆ. ಮೊದಲು ನಡೆದದ್ದು 1912ರಲ್ಲಿ. ಕುದುರೆ, ಗೂಳಿ, ಗಾಡಿ ಓಟ ಎಲ್ಲ ಇರುತ್ತದೆ. 1923ರಲ್ಲಿ ಗಾಡಿ ಓಡಿಸುವವನೊಬ್ಬ ಪೇಟೆ ನಡುವೆ ಗಾಡಿ ನಿಲ್ಲಿಸಿ ಪ್ಯಾನ್‌ಕೇಕ್ ಮಾಡಿ ಹಂಚಿದನಂತೆ. ಆಮೇಲೆ ಅದೇ ಪದ್ಧತಿಯಾಯಿತು. ಈಗ ಆ ಹತ್ತು ದಿನ ಬೀದಿ ಬೀದಿಯಲ್ಲಿ ಬೆಳಗ್ಗೆ ಪುಕ್ಕಟೆ ಪ್ಯಾನ್‌ಕೇಕ್. ಸಿಹಿ ದೋಸೆ ಅಂತ ತಿಳಿಯಿರಿ. ಪಂಕ್ತಿ ಇಲ್ಲ, ಬಾಳೆಎಲೆ ಇಲ್ಲ, ಕಾಗದದ ತಟ್ಟೆ ಹಿಡಿದು ಕ್ಯೂ.

ಪ್ರಾಣಿಗಳಿಗೆ ಹಿಂಸೆ ಅಂತ ಅಲ್ಲೂ ಜಗಳ ಉಂಟು. ಗಾಡಿ ಓಟದಲ್ಲಿ ಕುದುರೆ ಸತ್ತ ವರ್ಷ ಪೇಪರಿನಲ್ಲಿ ಅದೇ ಚರ್ಚೆ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳ ನಿಂತು, ರಾಜ್ಯದ ತಿದ್ದುಪಡಿಯಾಗಿ, 2023ರಲ್ಲಿ ಅದೇ ಕೋರ್ಟು ಒಪ್ಪುವವರೆಗೆ ನಮ್ಮಲ್ಲಿ ಏನೆಲ್ಲ ಮಾತು ನಡೆಯಿತೋ ಆ ಮಾತುಗಳೇ ಅಲ್ಲೂ.

ಉಡುಪಿಯ ಸಪ್ತೋತ್ಸವದ ಮೂರು ತೇರು ನೋಡಿ ಬೆಳೆದವನು ನಾನು. ನ್ಯೂಯಾರ್ಕಿನಲ್ಲಿ ದೊಡ್ಡ ಬಲೂನುಗಳ ಮೆರವಣಿಗೆ ಉಂಟಂತೆ. ನಮ್ಮ ತೇರಿನ ಮುಂದೆ ಅದು ಏನು ಮಹಾ?
— ಓದುಗರು, ರಥಬೀದಿ, ಉಡುಪಿ

ರಥಬೀದಿಯವರ ಹತ್ತಿರ ತೇರಿನ ಬಗ್ಗೆ ವಾದ ಮಾಡುವಷ್ಟು ಧೈರ್ಯ ನನಗಿಲ್ಲ. ಹೋಲಿಕೆ ಬಿಟ್ಟು ಕಂಡದ್ದು ಹೇಳುತ್ತೇನೆ.

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಮೇಸೀಸ್ ಎಂಬ ಅಂಗಡಿಯವರು 1924ರಿಂದ ಆ ದಿನ ಈ ಮೆರವಣಿಗೆ ನಡೆಸುತ್ತಾರೆ. ಮೊದಲು ಮೃಗಾಲಯದ ನಿಜವಾದ ಪ್ರಾಣಿಗಳನ್ನು ನಡೆಸಿದರು. ದೊಡ್ಡ ಬಲೂನು ಬಂದದ್ದು 1927ರಲ್ಲಿ. ಯುದ್ಧದ ಮೂರು ವರ್ಷ, 1942ರಿಂದ 1944, ನಡೆಯಲಿಲ್ಲ.

ಮೆರವಣಿಗೆಗಿಂತ ಹಿಂದಿನ ಸಂಜೆ ಚೆಂದ ಎಂಬುದು ನನ್ನ ಅಭಿಪ್ರಾಯ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪಕ್ಕದ ಬೀದಿಗಳಲ್ಲಿ ಬಲೂನಿಗೆ ಹೀಲಿಯಂ ತುಂಬಿಸುತ್ತಾರೆ. ರಸ್ತೆಯಲ್ಲಿ ಬಣ್ಣದ ಟಾರ್ಪಾಲಿನ ಹಾಗೆ ಬಿದ್ದಿರುತ್ತದೆ. ಮೊದಲು ಒಂದು ಕಿವಿ ಏಳುತ್ತದೆ, ಆಮೇಲೆ ಮೂಗು. ಅದು ಹಾರದಂತೆ ಮೇಲೆ ಬಲೆ, ಬಲೆಯ ಅಂಚಿಗೆ ಮರಳಿನ ಚೀಲ. ಕೈರಂಪಣಿ ಬಲೆಗೆ ಆನೆ ಬಿದ್ದ ಹಾಗೆ ಕಂಡಿತು ನನಗೆ. ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ನಾನು ನನ್ನ ಮಗನ ಹೆಗಲು ಕೇಳುವ ಪ್ರಾಯ ಅಲ್ಲ, ಆದ್ದರಿಂದ ಬೇಲಿಯ ಸಂದಿಯಿಂದ ನೋಡಿದೆ.

ಮಾರನೆ ದಿನ ಬೆಳಗ್ಗೆ ಐದಕ್ಕೆ ರೈಲು ಹಿಡಿದೆವು. ಒಂದೊಂದು ಬಲೂನಿಗೆ ಹತ್ತಾರು ಜನ ಹಗ್ಗ ಹಿಡಿಯುತ್ತಾರೆ. ಮುಂದೆ ಒಬ್ಬ ಬಲೂನಿನ ಕಡೆ ಮುಖ ಮಾಡಿ ಹಿಂದೆ ಹಿಂದೆ ನಡೆಯುತ್ತ ಸನ್ನೆ ಮಾಡುತ್ತಾನೆ. ಉದ್ದಕ್ಕೂ ಹಿಂದಕ್ಕೇ ನಡೆಯುವುದು! ದಾರಿ ಸುಮಾರು ನಾಲ್ಕು ಕಿಲೋಮೀಟರ್. ಇಲ್ಲೂ ಯಜಮಾನಿಕೆ ಗಾಳಿಯದ್ದೇ. 1997ರಲ್ಲಿ ಗಾಳಿಗೆ ಒಂದು ಬಲೂನು ದೀಪದ ಕಂಬಕ್ಕೆ ಬಡಿದು ಜನರಿಗೆ ಪೆಟ್ಟಾಯಿತು. ಆ ಮೇಲೆ ನಿಯಮ ಬಿಗಿಯಾಯಿತು. ಗಾಳಿ ಗಂಟೆಗೆ 37 ಕಿಲೋಮೀಟರ್ ದಾಟಿದರೆ, ಇಲ್ಲವೇ ಒಮ್ಮೆಲೇ ರಪ್ಪನೆ ಬೀಸುವ ಗಾಳಿ 55 ದಾಟಿದರೆ ದೊಡ್ಡ ಬಲೂನು ಹಾರಿಸುವ ಹಾಗಿಲ್ಲ. ನಾವು ಹೋದ ದಿನ ಗಾಳಿ ಇರಲಿಲ್ಲ. ಚಳಿ ಇತ್ತು. ನಾಲ್ಕು ಗಂಟೆ ನಿಂತು ಮೊಣಕಾಲು ಬಿಗಿದು ಹೋಯಿತು. ತೇರು ನೋಡಲು ನಾಲ್ಕು ಗಂಟೆ ನಿಂತರೆ ಕೊನೆಗೆ ಎಳೆಯಲು ಹಗ್ಗವಾದರೂ ಸಿಗುತ್ತದೆ, ಅಲ್ಲಿ ಅದೂ ಇಲ್ಲ.

ಹೂವಿನ ತೇರೇ ಬೇಕೆಂದರೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ ಹೋಗಬೇಕು. 1890ರಿಂದ ಹೊಸ ವರ್ಷದ ಮೊದಲ ದಿನ ಅಲ್ಲಿ ಗುಲಾಬಿ ಮೆರವಣಿಗೆ. ಪೂರ್ವದ ಊರುಗಳಲ್ಲಿ ಹಿಮ ಬಿದ್ದಿರುವಾಗ 'ನೋಡಿ, ನಮ್ಮಲ್ಲಿ ಹೂ ಬಿಟ್ಟಿದೆ' ಅಂತ ಹೊಟ್ಟೆ ಉರಿಸಲು ಶುರು ಮಾಡಿದ್ದು. ಗಾಡಿಯ ಕಣ್ಣಿಗೆ ಕಾಣುವ ಭಾಗವೆಲ್ಲ ಹೂ, ಎಲೆ, ಬೀಜ, ತೊಗಟೆಯಿಂದಲೇ ಮುಚ್ಚಿರಬೇಕು ಎಂಬುದು ಕಟ್ಟುನಿಟ್ಟು. ಜನವರಿ 1 ಭಾನುವಾರ ಬಂದರೆ ಮೆರವಣಿಗೆ ಸೋಮವಾರಕ್ಕೆ. ಇದನ್ನು ನಾನು ಟಿವಿಯಲ್ಲಿ ಮಾತ್ರ ನೋಡಿದವಳು.

ಚೆರ್ರಿ ಹೂ ನೋಡಲು ವಾಷಿಂಗ್ಟನ್‌ಗೆ ಯಾವ ತಾರೀಕಿಗೆ ಟಿಕೆಟ್ ಮಾಡಬೇಕು? ಸೊಸೆ ಈಗಲೇ ಕೇಳುತ್ತಿದ್ದಾಳೆ.
— ಓದುಗರು, ಕೊಡಿಯಾಲಬೈಲು, ಮಂಗಳೂರು

ಇದನ್ನು ನನ್ನ ಹತ್ತಿರ ಕೇಳುತ್ತೀರಾ? ನಾನು ಹೂ ತಪ್ಪಿಸಿಕೊಂಡವಳು.

ಆ ಮರಗಳು ಜಪಾನಿನದ್ದು. 1910ರಲ್ಲಿ ಮೊದಲು ಕಳಿಸಿದ 2,000 ಗಿಡಗಳಿಗೆ ರೋಗ, ಹುಳ ಎಲ್ಲ ಇದ್ದದ್ದರಿಂದ ಸುಟ್ಟುಬಿಟ್ಟರು. ಉಡುಗೊರೆ ಸುಟ್ಟರೂ ಟೋಕಿಯೊದ ಮೇಯರ್ ಯುಕಿಯೊ ಒಜಾಕಿ ಸಿಟ್ಟು ಮಾಡಲಿಲ್ಲ. 1912ರಲ್ಲಿ ಮತ್ತೆ 3,020 ಕಳಿಸಿದರು. ಆ ವರ್ಷ ಮಾರ್ಚ್ 27ರಂದು ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್ ಮತ್ತು ಜಪಾನಿನ ರಾಯಭಾರಿಯ ಪತ್ನಿ ಒಂದೊಂದು ಗಿಡ ನೆಟ್ಟರು.

ಯೊಶಿನೊ ಜಾತಿಯ ಮರಗಳಲ್ಲಿ ಶೇಕಡಾ 70 ಹೂ ಅರಳಿದ ದಿನವನ್ನು ಅಲ್ಲಿ ಪೂರ್ಣ ಅರಳಿದ ದಿನ ಅಂತ ಲೆಕ್ಕ ಹಾಕುತ್ತಾರೆ. 2014ರಲ್ಲಿ ಅದು ಏಪ್ರಿಲ್ 10. 2024ರಲ್ಲಿ ಮಾರ್ಚ್ 17! ನಾವು ಆರು ತಿಂಗಳು ಮೊದಲೇ ಟಿಕೆಟ್ ಮಾಡಿ 2024ರ ಏಪ್ರಿಲ್ ಮೊದಲ ವಾರ ಹೋದೆವು. ಆ ಮರಗಳಿರುವ ಟೈಡಲ್ ಬೇಸಿನ್ ಎಂಬ ಕೊಳದ ಸುತ್ತ ಎಲ್ಲ ಹಸಿರು ಎಲೆ. ಯಜಮಾನರು "ನಮ್ಮ ನೇರಳೆ ಮರ ಇದಕ್ಕಿಂತ ವಾಸಿ" ಅಂದರು.

ಆದರೂ ಒಂದು ಮರ ಕಂಡೆ. ದಡದ ಅಂಚಿನಲ್ಲಿ, ಕಾಂಡ ಪೂರ್ತಿ ಟೊಳ್ಳು, ಎರಡೇ ಎರಡು ರೆಂಬೆ. ಜನ ಅದಕ್ಕೆ ಸ್ಟಂಪಿ ಅಂತ ಹೆಸರಿಟ್ಟಿದ್ದರು. ಉಬ್ಬರ ಬಂದಾಗೆಲ್ಲ ನೀರು ದಡ ಹತ್ತಿ ಬೇರು ಮುಳುಗುತ್ತಿತ್ತು. ದಡದ ಗೋಡೆ ಹೊಸದಾಗಿ ಕಟ್ಟಲು ಅದನ್ನೂ, ಇನ್ನೂ ನೂರಕ್ಕೂ ಹೆಚ್ಚು ಚೆರ್ರಿ ಮರಗಳನ್ನೂ ಆ ಬೇಸಿಗೆಯಲ್ಲಿ ಕಡಿಯುವುದಿತ್ತು. ಜನ ಅದರ ಬುಡದಲ್ಲಿ ಹೂಗುಚ್ಛ, ಚೀಟಿ ಇಟ್ಟು ಹೋಗುತ್ತಿದ್ದರು. ಉಚ್ಚಿಲ, ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ತೆಂಗಿನ ಮರ ಬೀಳುವುದನ್ನು ನೋಡಿದವಳು ನಾನು. ಬೀಳುವ ಮರಕ್ಕೆ ಚೀಟಿ ಬರೆದದ್ದು ಕಂಡದ್ದು ಅಲ್ಲೇ.

ಸೊಸೆಗೆ ಹೀಗೆ ಹೇಳಿ: ವಿಮಾನದ ಟಿಕೆಟ್ ಮಾರ್ಚ್ ಮಧ್ಯಕ್ಕೆ ಮಾಡಿ, ವಾಷಿಂಗ್ಟನ್‌ಗೆ ಹೋಗುವ ದಿನ ಖಾಲಿ ಬಿಡಲಿ. ಹೂ ಯಾವ ಹಂತದಲ್ಲಿದೆ ಅಂತ ಅಲ್ಲಿಯ ಪಾರ್ಕ್ ಇಲಾಖೆ ಹೇಳುತ್ತಾ ಇರುತ್ತದೆ. ಹಬ್ಬದ ಬ್ಯಾನರ್ ನೋಡಿ ಹೋದರೆ ನನ್ನ ಹಾಗಾಗುತ್ತದೆ.

ತಪ್ಪಿದರೆ ಬೇಸರ ಬೇಡ. ಮೇ ತಿಂಗಳಲ್ಲಿ ಒಟ್ಟಾವದ ಟ್ಯುಲಿಪ್ ಇದೆ, ಸುಮಾರು ಹತ್ತು ಲಕ್ಷ ಹೂ. ಯುದ್ಧದ ಕಾಲದಲ್ಲಿ ಡಚ್ ರಾಜಕುಮಾರಿ ಜೂಲಿಯಾನಾ ಅಲ್ಲಿ ಆಶ್ರಯ ಪಡೆದಿದ್ದರು. 1943ರಲ್ಲಿ ಅಲ್ಲಿಯೇ ಹೆರಿಗೆಯಾಯಿತು. ಕೆನಡಾದ ನೆಲದಲ್ಲಿ ಹುಟ್ಟಿದರೆ ಮಗುವಿಗೆ ಆ ದೇಶದ ಪೌರತ್ವವೂ ಬರುತ್ತದೆ ಅಂತ, ಸರ್ಕಾರ ಆಸ್ಪತ್ರೆಯ ಆ ಕೋಣೆಗಳನ್ನು ತಾತ್ಕಾಲಿಕವಾಗಿ ಕೆನಡಾದ ನೆಲವೇ ಅಲ್ಲ ಎಂದು ಘೋಷಿಸಿತು! ನಮ್ಮ ಕಡೆಯ ತವರಿನ ಬಾಣಂತನಕ್ಕೂ ಇಷ್ಟು ಏರ್ಪಾಡು ಇರುವುದಿಲ್ಲ. ಆ ಋಣಕ್ಕೆ 1945ರಲ್ಲಿ ಒಂದು ಲಕ್ಷ ಟ್ಯುಲಿಪ್ ಗಡ್ಡೆ ಬಂತು. ಈಗಲೂ ವರ್ಷ ವರ್ಷ ಬರುತ್ತದೆ.

ನಾನು ಮೀನುಗಾರಿಕೆಯವನು. ಮಗಳು ಬಿಸಿಗಾಳಿ ಬಲೂನಿನ ವಿಡಿಯೊ ಕಳಿಸಿದ್ದಾಳೆ. ಇಂಜಿನ್ ಇಲ್ಲ, ಚುಕ್ಕಾಣಿ ಇಲ್ಲ. ಹೋದವರು ವಾಪಸ್ ಬರುವುದು ಹೇಗೆ?
— ಓದುಗರು, ಮಲ್ಪೆ

ಈ ತಿಂಗಳ ಅತ್ಯುತ್ತಮ ಪ್ರಶ್ನೆ ಇದು. ಹೈಸ್ಕೂಲಿನಲ್ಲಾಗಿದ್ದರೆ ನಿಮ್ಮನ್ನು ಮುಂದಿನ ಬೆಂಚಿಗೆ ಕರೆಯುತ್ತಿದ್ದೆ.

ನಿಮ್ಮ ಮಗಳು ಕಳಿಸಿದ್ದು ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯದ್ದಿರಬೇಕು. 1972ರಲ್ಲಿ ಒಂದು ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ 13 ಬಲೂನಿನಿಂದ ಶುರುವಾದದ್ದು ಈಗ ನೂರಾರು ಬಲೂನಿನ ಹಬ್ಬ. ಅಕ್ಟೋಬರಿನಲ್ಲಿ ಒಂಬತ್ತು ದಿನ.

ಬಲೂನಿನವನ ಕೈಯಲ್ಲಿರುವುದು ಎರಡೇ, ಏರುವುದು ಮತ್ತು ಇಳಿಯುವುದು. ಉಳಿದದ್ದು ಗಾಳಿಗೆ ಬಿಟ್ಟದ್ದು. ಬೆಳಗಿನ ಜಾವ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಗಾಳಿ ಬೀಸುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ವಿಚಿತ್ರ ಏನೆಂದರೆ, ಒಂದೇ ಹೊತ್ತಿನಲ್ಲಿ ಎರಡು ಗಾಳಿ, ಒಂದರ ಮೇಲೊಂದು. ರಾತ್ರಿ ತಣ್ಣಗಾದ ಗಾಳಿ ರಿಯೊ ಗ್ರಾಂಡೆ ನದಿಯ ಕಣಿವೆಯಲ್ಲಿ ನೀರಿನ ಹಾಗೆ ತೆಂಕಿಗೆ ಹರಿಯುತ್ತದೆ. ಅದರ ಮೇಲಿನ ಪದರದಲ್ಲಿ ಗಾಳಿ ಬಡಗಿಗೆ ಹೋಗುತ್ತಿರುತ್ತದೆ. ಕೆಳಗೆ ತೆಂಕಿಗೆ ಹೋಗಿ, ಮೇಲೇರಿ ಬಡಗಿಗೆ ಬಂದು, ಹೊರಟ ಜಾಗದ ಹತ್ತಿರವೇ ಇಳಿಯಬಹುದು. ಇದನ್ನು ಆಲ್ಬುಕರ್ಕಿ ಪೆಟ್ಟಿಗೆ ಅನ್ನುತ್ತಾರೆ. ಪೆಟ್ಟಿಗೆ ದಿನವೂ ಸಿಗುವುದಿಲ್ಲ. ಸಿಗದ ದಿನ ಜೀಪು ಓಡಿಸಿಕೊಂಡು ಹೋಗಿ ಬಲೂನನ್ನು ಮಡಚಿ ತರುತ್ತಾರೆ.

ನಾವು ಎರಡು ದಿನ ಹೋದೆವು. ಮೊದಲ ದಿನ ನಾಲ್ಕೂವರೆಗೆ ಎದ್ದು ಹೋಗಿ ಕತ್ತಲಲ್ಲಿ ನಿಂತೆವು. ಗಾಳಿ ಜಾಸ್ತಿ, ಹಾರಾಟ ಇಲ್ಲ. ಎರಡನೇ ದಿನ ಬೆಳಕು ಹರಿಯುವ ಮೊದಲು ಕೆಲವೇ ಬಲೂನು ಎದ್ದವು. ಮೇಲೆ ಗಾಳಿ ಹೇಗಿದೆ ಅಂತ ಉಳಿದವರು ಇವುಗಳನ್ನು ನೋಡಿ ತಿಳಿಯುತ್ತಾರೆ. ಆಮೇಲೆ ಬಯಲಿಡೀ ಭುಸ್ ಭುಸ್. ಪ್ರೇಕ್ಷಕರೂ ಬಲೂನುಗಳ ನಡುವೆಯೇ ಓಡಾಡಬಹುದು. ಕಪ್ಪುಬಿಳಿ ಪಟ್ಟೆ ಅಂಗಿ ಹಾಕಿದವರು ಸೀಟಿ ಊದಿ ಜನರನ್ನು ಸರಿಸಿ ಒಂದೊಂದನ್ನೇ ಬಿಡುತ್ತಾರೆ. ಬೆಂಕಿ ಬಿಟ್ಟಾಗ ನನ್ನ ಹಣೆಗೆ ಬಿಸಿ ತಾಗಿತು, ಬೆನ್ನು ಮಾತ್ರ ಮಂಜಿನಲ್ಲಿ ನಡುಗುತ್ತಿತ್ತು. ತಣ್ಣೀರುಬಾವಿಯಲ್ಲಿ ಗಾಳಿಪಟ ಉತ್ಸವಕ್ಕೆ ಹೋದವರಿಗೆ ಗಾಳಿ ಬೇಕು ಬೇಕು ಅನ್ನಿಸುತ್ತದೆ. ಇಲ್ಲಿ ಗಾಳಿ ಬೇಡ ಬೇಡ ಅಂತ ಬೇಡಿಕೊಳ್ಳಬೇಕು.

ನ್ಯೂ ಆರ್ಲಿಯನ್ಸ್‌ನ ಮಾರ್ಡಿ ಗ್ರಾ ನಮ್ಮ ಕ್ರೈಸ್ತರ ಹಬ್ಬವೇ? ಹಾಗಾದರೆ ಅಷ್ಟು ಕುಣಿತ ಯಾಕೆ?
— ಓದುಗರು, ಬಿಜೈ, ಮಂಗಳೂರು

ಬೂದಿ ಬುಧವಾರದ ಹಿಂದಿನ ದಿನ ಅದು. ಮಾರನೆ ದಿನದಿಂದ ತಪಸ್ಸುಕಾಲ, ಮಾಂಸ ಮೋಜು ಬಿಡಬೇಕು. ಬಿಡುವ ಮೊದಲು ಒಮ್ಮೆ ಹೊಟ್ಟೆ ತುಂಬ ಅಂತ. ಕಾರ್ನಿವಲ್ ಜನವರಿ 6ಕ್ಕೇ ಶುರು. ಕೊನೆಯ ದಿನ ಈಸ್ಟರಿಗೆ 47 ದಿನ ಮೊದಲು. 2027ರಲ್ಲಿ ಫೆಬ್ರವರಿ 9ಕ್ಕೆ ಬರುತ್ತದೆ. ನೇರಳೆ, ಹಸಿರು, ಬಂಗಾರ ಅದರ ಬಣ್ಣ. ಗಾಡಿಯಿಂದ ಮಣಿಸರ ಎಸೆಯುತ್ತಾರೆ. ಝೂಲು ಎಂಬ ತಂಡದವರು ಬಣ್ಣ ಹಚ್ಚಿದ ತೆಂಗಿನಕಾಯಿ ಕೊಡುತ್ತಾರೆ. ಹಿಂದೆ ಎಸೆಯುತ್ತಿದ್ದರಂತೆ. ತಲೆ ಒಡೆದವರ ತಕರಾರು ಜಾಸ್ತಿಯಾಗಿ ಈಗ ಕೈಗೇ ಕೊಡುವುದು. ತೆಂಗಿನಕಾಯಿ ತಲೆ ಮೇಲೆ ಬೀಳುವ ಭಯ ನಮಗೇನು ಹೊಸತಲ್ಲ.

2018ರಲ್ಲಿ ಅಲ್ಲಿನ ಚರಂಡಿ ಶುಚಿ ಮಾಡಿದಾಗ ಒಂದೇ ರಸ್ತೆಯ ಐದು ಬ್ಲಾಕಿನಲ್ಲಿ ಸುಮಾರು 42 ಟನ್ ಮಣಿಸರ ಸಿಕ್ಕಿತು. ಮಳೆಗೆ ಊರು ಮುಳುಗುವ ಜಾಗದಲ್ಲಿ ಇದು. ಮಂಗಳೂರಿನವರು ನಗಬೇಡಿ, ನಮ್ಮ ತೋಡುಗಳಲ್ಲಿ ಏನೇನಿದೆ ಅಂತ ಜೂನ್ ಬಂದಾಗ ಗೊತ್ತಾಗುತ್ತದೆ.

ನಮ್ಮ ಕರಾವಳಿ ಕ್ರೈಸ್ತರ ಮೊಂತಿ ಫೆಸ್ತ್‌ನ ಹೊಸ ತೆನೆಯ ಹಾಗೆ ಅಲ್ಲಿ ಏನಾದರೂ ಉಂಟಾ?
— ಓದುಗರು, ಶಿರ್ವ

ಥ್ಯಾಂಕ್ಸ್‌ಗಿವಿಂಗ್ ಹತ್ತಿರ ಹತ್ತಿರ ಅದೇ. ಅಮೆರಿಕದಲ್ಲಿ ನವೆಂಬರ್, ಕೆನಡಾದಲ್ಲಿ ಅಕ್ಟೋಬರ್ ಎರಡನೇ ಸೋಮವಾರ. ಬಡಗಿನಲ್ಲಿ ಚಳಿ ಬೇಗ, ಕೊಯ್ಲೂ ಬೇಗ. ತೆನೆ ಇಲ್ಲ, ಕುಂಬಳಕಾಯಿ ಉಂಟು.

ಗೊಂಡೆ ಹೂ ಅಲ್ಲಿ ಸಿಗುತ್ತದಾ? ದೀಪಾವಳಿಗೆ ಸೊಸೆ ಪ್ಲಾಸ್ಟಿಕ್ ಮಾಲೆ ಹಾಕಿದ್ದಾಳೆ.
— ಓದುಗರು, ಕಾರ್ಕಳ

ಸಿಗುತ್ತದಾ ಅಂತ ಕೇಳುತ್ತೀರಾ, ಗೊಂಡೆಯ ತವರುಮನೆಯೇ ಆ ಕಡೆ. ಮೂಲ ಮೆಕ್ಸಿಕೊದ್ದು. ನವೆಂಬರ್ 1 ಮತ್ತು 2ಕ್ಕೆ ಅಲ್ಲಿ ಸತ್ತವರ ದಿನ. ಮನೆಯಲ್ಲಿ ಸತ್ತವರ ಫೋಟೊ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಬಡಿಸಿ, ದಾರಿ ಗೊತ್ತಾಗಲಿ ಅಂತ ಗೊಂಡೆ ಎಸಳು ಉದುರಿಸುತ್ತಾರೆ. ಅಲ್ಲಿ ಗೊಂಡೆಗೆ ಸೆಂಪಾಸೂಚಿಲ್ ಅಂತ ಹೆಸರು, ನಾವಾಟ್ಲ್ ಎಂಬ ಹಳೆಯ ಭಾಷೆಯಲ್ಲಿ ಇಪ್ಪತ್ತು ಹೂವು ಅಂತ ಅರ್ಥವಂತೆ. ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊದಲ್ಲೂ ಈ ಹಬ್ಬ ಜೋರು. ನಮ್ಮ ಅತ್ತೆ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ ಬಡಿಸುವಾಗ ಮಾವನವರ ಎಲೆಗೆ ಬಂಗುಡೆ ಪುಳಿಮುಂಚಿಯನ್ನು ಎರಡು ಸಲ ಹಾಕುತ್ತಿದ್ದರು. ಇದನ್ನು ಮಗನ ಪಕ್ಕದ ಮನೆಯ ಮೆಕ್ಸಿಕೊದ ಹೆಂಗಸಿಗೆ ಹೇಳಿದೆ, ಸೊಸೆ ಇಂಗ್ಲಿಷ್ ಮಾಡಿದಳು. ಆ ಹೆಂಗಸಿಗೆ ಏನೂ ಹೊಸತೆನಿಸಲಿಲ್ಲ. ತನ್ನ ಅಪ್ಪನಿಗೆ ಸಿಗರೇಟು ಇಡುತ್ತೇನೆ ಅಂದಳು.

ಮೆಕ್ಸಿಕೊ ನಗರದ ದೊಡ್ಡ ಮೆರವಣಿಗೆಯನ್ನು ಹಳೆಯ ಸಂಪ್ರದಾಯ ಅಂತ ನಂಬಬೇಡಿ. 2015ರ ಒಂದು ಜೇಮ್ಸ್ ಬಾಂಡ್ ಚಿತ್ರದಲ್ಲಿ ಅಂಥ ಮೆರವಣಿಗೆ ತೋರಿಸಿದರು. ಜನ ಹುಡುಕಿಕೊಂಡು ಬರಬಹುದೆಂದು 2016ರಿಂದ ನಿಜವಾಗಿಯೇ ಶುರು ಮಾಡಿದರು.

ಸೊಸೆಗೆ ಹೇಳಿ, ಅಕ್ಟೋಬರ್ ಕೊನೆಗೆ ಮೆಕ್ಸಿಕನ್ ಅಂಗಡಿಗೆ ಹೋಗಲಿ. ಬುಟ್ಟಿ ಬುಟ್ಟಿ ಸಿಗುತ್ತದೆ.

ನನಗೆ ಸಕ್ಕರೆ ಕಾಯಿಲೆ. ಮೆರವಣಿಗೆ ನೋಡಲು ನಿಂತರೆ ಶೌಚಾಲಯಕ್ಕೆ ಏನು ಮಾಡುವುದು?
— ಓದುಗರು, ಕುಂದಾಪುರ

ಎಲ್ಲರೂ ಕೇಳಬೇಕೆಂದಿದ್ದು ಕೇಳದೆ ಬಿಟ್ಟ ಪ್ರಶ್ನೆ. ಬಯಲಿನ ಹಬ್ಬಗಳಲ್ಲಿ ಸಾಲಾಗಿ ಪ್ಲಾಸ್ಟಿಕ್ ಡಬ್ಬಿಯಂಥ ಶೌಚಾಲಯ ಇಟ್ಟಿರುತ್ತಾರೆ. ನೀರು ಇರುವುದಿಲ್ಲ, ಬಾಟಲಿ ಒಯ್ಯಿರಿ. ನ್ಯೂಯಾರ್ಕಿನ ಮೆರವಣಿಗೆಯ ದಾರಿಯಲ್ಲಿ ಮಾತ್ರ ನನಗೆ ಎಲ್ಲೂ ಕಾಣಲಿಲ್ಲ. ಮಗನನ್ನು ಜಾಗ ಕಾಯಲು ನಿಲ್ಲಿಸಿ ಒಂದು ಕಾಫಿ ಅಂಗಡಿ ಹುಡುಕಿ ಹೋದೆ. ವಾಪಸ್ ಬರುವಾಗ ಪೊಲೀಸರು ಬೇಲಿ ದಾಟಲು ಬಿಡಲಿಲ್ಲ. ಕೊನೆಯ ಅರ್ಧ ಮೆರವಣಿಗೆ ನಾನು ಒಂದು ಕಡೆ, ಅವನು ಇನ್ನೊಂದು ಕಡೆ. ಮಡಚುವ ಕುರ್ಚಿ, ಮಾತ್ರೆ, ಎರಡು ಬಿಸ್ಕೆಟ್ ಕೈಯಲ್ಲೇ ಇರಲಿ. ಬ್ಯಾಗ್ ಚಿಕ್ಕದಿರಲಿ, ದೊಡ್ಡದಿದ್ದರೆ ಒಳಗೆ ಬಿಡುವುದಿಲ್ಲ.

ಮಗಳು ದೀಪಾವಳಿಯನ್ನು ಶನಿವಾರಕ್ಕೆ ದೂಡುತ್ತಾಳೆ. ಇದು ಸರಿಯಾ ಟೀಚರೇ?
— ಓದುಗರು, ಮಣಿಪಾಲ

ಪಂಚಾಂಗ ಬಿಟ್ಟರೆ ನನಗೂ ಕಿರಿಕಿರಿ. ಆದರೆ ರಜೆ ಇಲ್ಲದವರು ಏನು ಮಾಡುತ್ತಾರೆ? ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿ ರಜೆ ಕಾನೂನು ಆದದ್ದೇ 2023ರಲ್ಲಿ. ಉಳಿದ ಹೆಚ್ಚಿನ ಕಡೆ ಕನ್ನಡ ಕೂಟದವರು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಶನಿವಾರವೇ ಮಾಡುವುದು. ನನ್ನ ಮಗಳು ತಿಥಿಯ ದಿನ ಸಂಜೆ ಒಂದು ದೀಪ ಹಚ್ಚುತ್ತಾಳೆ, ಗದ್ದಲ ಶನಿವಾರಕ್ಕೆ. ತುಳಸಿ ಪೂಜೆಯೂ ಒಳಗೇ. ಹೊರಗಿಟ್ಟರೆ ತುಳಸಿ ಚಳಿಗೆ ಒಂದೇ ರಾತ್ರಿ ಕಪ್ಪಾಗುತ್ತದೆ. ಹಾಗಾಗಿ ಕುಂಡ ಅಡುಗೆಮನೆಯ ಕಿಟಕಿಯಲ್ಲಿ. ಹೋದ ಸಲ ಧೂಪ ಹಾಕಿದ್ದು ಸ್ವಲ್ಪ ಜಾಸ್ತಿಯಾಗಿ ಹೊಗೆಯ ಅಲಾರಂ ಕಿರುಚಿತು. ಮೊಮ್ಮಗ ಟವೆಲ್ ಬೀಸುತ್ತ, ಅಳಿಯ ಸ್ಟೂಲ್ ಹತ್ತುತ್ತ, ನಾನು ಆರತಿ ನಿಲ್ಲಿಸದೆ ಮುಗಿಸಿದೆ. ಜಾಗಟೆ ಬೇರೆ ಬೇಕಾಗಲಿಲ್ಲ.

ಕೊಡೆ ಒಯ್ಯಬೇಕಾ?
— ಓದುಗರು, ಆಗುಂಬೆಯಿಂದ ಉಡುಪಿಗೆ ಬಂದು ನೆಲೆಸಿದವರು

ಆಗುಂಬೆಯವರು ಕೊಡೆ ಬಿಟ್ಟು ಹೋಗುತ್ತಾರೆ ಅಂದರೆ ನಾನು ನಂಬುವುದಿಲ್ಲ. ಆದರೆ ಮೆರವಣಿಗೆಗೆ ಬೇಡ. ಬಿಡಿಸಿದರೆ ಹಿಂದಿನವರು ಬೈಯುತ್ತಾರೆ. ತೆಳು ರೈನ್‌ಕೋಟ್ ಸಾಕು. ಮಾರ್ಡಿ ಗ್ರಾಕ್ಕೆ ಹೋಗುವುದಾದರೆ ಒಯ್ಯಿರಿ. ಅಲ್ಲಿ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಮಣಿಸರ ತುಂಬಿಸಿಕೊಳ್ಳುವವರನ್ನು ಟಿವಿಯಲ್ಲಿ ಕಂಡಿದ್ದೇನೆ.